ನೀರು ಕುಡಿಯದ ಕಾರು

ಕರಾರು ಹಾಕಿದವರು ವಿಬುಧೇಂದ್ರಾಚಾರ್ಯರೇ. ರಾಯಚೂರಿನ ಮನೆಯಿಂದ ಹೊರಟ ಕಾರು ಮಾನ್ವಿ, ಸಿರವಾರ ದಾಟಿ ದೇವದುರ್ಗದಲ್ಲಿ ಅವರ ಬಾಲ್ಯದ ಗೆಳೆಯ ಯಂಕಣ್ಣನ ಬೀಜದಂಗಡಿಯ ಮುಂದೆ ಹೋಗಿ ನಿಲ್ಲಬೇಕು. ದಾರಿಯಲ್ಲಿ ಇಂಜಿನ್ನಿನ ಮುಚ್ಚಳ ಎತ್ತಬಾರದು, ನಟ್ಟು ತಿರುವುವ ಪಾನಾ ಕೈಯಲ್ಲಿ ಹಿಡಿಯಬಾರದು. ಹಾಗೆ ಹೋಗಿ ತಲುಪಿದರೆ ಮನೆಯ ಮುಂದಿನ ಶೆಡ್ಡು ಮಗಳು ಪೂರ್ಣಶ್ರೀಗೆ. ಅಲ್ಲಿ ಅವಳು ತನ್ನ ಗ್ಯಾರೇಜು ತೆರೆಯಬಹುದು. ನಡುವೆ ಕೆಟ್ಟು ನಿಂತರೆ ಶೆಡ್ಡು ಯಂಕಣ್ಣನ ಗೊಬ್ಬರದ ಚೀಲಗಳಿಗೆ. ಆಮೇಲೆ ಗ್ಯಾರೇಜಿನ ಮಾತು ಮನೆಯಲ್ಲಿ ಎತ್ತುವಂತಿಲ್ಲ.

ಪೂರ್ಣಶ್ರೀ ಮರುಮಾತಾಡದೆ ಒಪ್ಪಿಕೊಂಡಿದ್ದಳು. ಒಪ್ಪದೆ ಏನು ಮಾಡುತ್ತಾಳೆ? ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ಊರಿನ ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಸೇರಿದ್ದಳು. ಅಲ್ಲಿ ಅವಳನ್ನು ಇಂಜಿನ್ನಿನ ಹತ್ತಿರ ಸುಳಿಯಗೊಡಲಿಲ್ಲ. ಕೌಂಟರಿನಲ್ಲಿ ಕೂಡಿಸಿ, ಬಂದವರಿಗೆಲ್ಲ ನಗುತ್ತಾ ಕಾಫಿ ಕೊಡುವ ಕೆಲಸಕ್ಕೆ ಹಚ್ಚಿದರು. ಒಳಗೆ ಯಾರೋ ಒಬ್ಬ ಕ್ಲಚ್ ಪ್ಲೇಟನ್ನು ತಿರುವುಮುರುವು ಕೂಡಿಸುವುದನ್ನು ಗಾಜಿನ ಈಚೆಯಿಂದ ನೋಡುತ್ತಾ ಸಕ್ಕರೆ ಎಷ್ಟು ಚಮಚೆ ಎಂದು ಕೇಳುವುದಿದೆಯಲ್ಲ, ಅದು ನರಕ. ಒಂದು ದಿನ ಕಾಫಿಯ ತಟ್ಟೆಯನ್ನು ಮ್ಯಾನೇಜರನ ಮೇಜಿನ ಮೇಲೆ ಇಟ್ಟು ಮನೆಗೆ ಬಂದುಬಿಟ್ಟಳು.

ಆಚಾರ್ಯರ ಸ್ವಭಾವ ಹೇಳದೆ ಈ ಕತೆ ಮುಂದಕ್ಕೆ ಹೋಗುವುದಿಲ್ಲ. ಮಾನ್ವಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮನುಷ್ಯ. ಬೇರೆಯವರು ಮಾಡಿದ ಕೆಲಸವನ್ನು ಇನ್ನೊಮ್ಮೆ ತಾವು ನೋಡದಿದ್ದರೆ ಅವರಿಗೆ ಉಂಡ ಅನ್ನ ಕರಗುವುದಿಲ್ಲ. ಹೆಂಡತಿ ಜಾನಕಿಬಾಯಿ ಗ್ಯಾಸ್ ಬಂದ್ ಮಾಡಿ ಬಂದರೆ ಹಿಂದೆಯೇ ಎದ್ದು ಹೋಗಿ ಸಿಲಿಂಡರಿನ ಗುಂಡಿ ತಿರುವಿ ನೋಡುವರು. ಬಾಗಿಲಿಗೆ ಕೀಲಿ ಹಾಕಿದರೆ ಜಗ್ಗಿ ನೋಡುವರು. ಮಗಳು ಬಿಗಿ ಮಾಡಿದ ನಟ್ಟನ್ನಂತೂ ಬಿಡುವ ಮಾತೇ ಇಲ್ಲ. "ಸರಕೊ, ನೋಡೋಣ" ಎಂದು ಅವಳ ಕೈಯಿಂದ ಪಾನಾ ಇಸಿದುಕೊಂಡು ಇನ್ನೊಮ್ಮೆ ಒತ್ತುವರು. ಅದು ಕೂದಲೆಳೆಯಷ್ಟೂ ತಿರುಗುತ್ತಿರಲಿಲ್ಲ. ತಿರುಗಲಿಲ್ಲವೆಂದು ಬಾಯಿಬಿಟ್ಟು ಹೇಳುವ ಪೈಕಿಯವರೂ ಅಲ್ಲ. ಸುಮ್ಮನೆ ಮುಂದಿನ ನಟ್ಟಿಗೆ ಹೋಗುವರು. ಒಮ್ಮೆಯಾದರೂ ಅಪ್ಪ ತನ್ನ ಕೆಲಸ ಚೆನ್ನಾಗಿದೆ ಎಂದಿದ್ದರೆ ತನಗೆ ಶೆಡ್ಡೂ ಬೇಕಾಗಿರಲಿಲ್ಲ ಎಂದು ಪೂರ್ಣಶ್ರೀಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅದು ಸುಳ್ಳು. ಶೆಡ್ಡು ಅವಳಿಗೆ ಬೇಕೇ ಬೇಕಿತ್ತು.

ಕಾರು ಜರ್ಮನಿಯ ಹಳೆಯ ಬೀಟಲ್. ದೇವದುರ್ಗದ ಒಬ್ಬ ಡಾಕ್ಟರರದು. ಆಚಾರ್ಯರೂ ಯಂಕಣ್ಣನೂ ಅದೇ ಊರಲ್ಲಿ ಬೆಳೆದವರು, ಚಡ್ಡಿ ಹಾಕುವ ವಯಸ್ಸಿನಲ್ಲಿ ಆ ಕಾರಿನ ಹಿಂದೆ ಧೂಳು ಕುಡಿಯುತ್ತಾ ಓಡಿದವರು. ಅದರ ಬೆನ್ನು ನೋಡಿ ಜನ ಆಮೆ ಕಾರು ಎಂದು ಕರೆಯುತ್ತಿದ್ದರು. ಡಾಕ್ಟರರು ತೀರಿಕೊಂಡ ಮೇಲೆ ಅದು ದವಾಖಾನೆಯ ಹಿತ್ತಿಲಲ್ಲಿ ಹುಣಸೆ ಮರದ ಕೆಳಗೆ ನಿಂತು ಕೋಳಿಗಳ ಮನೆಯಾಗಿತ್ತು. ಅದನ್ನು ಆಚಾರ್ಯರು ಕೇಳಿ ಪಡೆದು ಲಾರಿಯಲ್ಲಿ ಹೇರಿಸಿ ತಂದಾಗ ಜಾನಕಿಬಾಯಿ ಬಾಗಿಲಿಗೆ ಅಡ್ಡ ನಿಂತು, "ಇದರಾಗ ಕೋಳಿ ಇದ್ದವೇನ್ರಿ?" ಎಂದು ಕೇಳಿದರು. ಇದ್ದವೆಂದು ಗೊತ್ತಾದ ಮೇಲೆ ಗೋಮೂತ್ರ ಚಿಮುಕಿಸಿಯೇ ಒಳಗೆ ಬಿಟ್ಟುಕೊಂಡರು.

ಈ ಕಾರಿನ ಇಂಜಿನ್ನು ಹಿಂದುಗಡೆ. ಮುಂದಿರುವುದು ಬರೀ ಸಾಮಾನು ತುಂಬುವ ಡಬ್ಬಿ. ರೇಡಿಯೇಟರ್ ಇಲ್ಲ, ಆದ್ದರಿಂದ ನೀರು ಹಾಕುವ ಪ್ರಶ್ನೆಯೇ ಇಲ್ಲ. ಒಂದು ಫ್ಯಾನು ಹೊರಗಿನ ಗಾಳಿಯನ್ನು ಎಳೆದು ತಗಡಿನ ಗೂಡಿನ ಮೂಲಕ ಸಿಲಿಂಡರುಗಳ ಮೈಮೇಲೆ ಬಿಡುತ್ತದೆ, ಅಷ್ಟೇ ಅದರ ತಂಪು. "ಗಾಳೀನೇ ಇದರ ನೀರು, ಪೂರ್ಣಿ. ಗಾಳಿ ನಿಂತಿತು ಅಂದರ ಪಿಸ್ಟನ್ ಹಿಡಕೊಂಡು ಕೂತುಬಿಡ್ತದ" ಎಂದು ಆಚಾರ್ಯರು ಹಳೆಯ ಪಂಚಾಂಗದ ಹಾಳೆಯ ಮೇಲೆ ಬಾಣದ ಗುರುತು ಬರೆದು ಪಾಠ ಮಾಡಿದ್ದರು. ಅಡುಗೆಮನೆಯಿಂದ ಅದನ್ನು ಕೇಳಿದ ಜಾನಕಿಬಾಯಿ, "ದಿನಾ ನಿರ್ಜಲ ಏಕಾದಶಿ ಮಾಡೂ ಕಾರು ಅಂತೀರೇನು? ನಿಮ್ಮ ಮನಿತನಕ್ಕ ಹೇಳಿ ಮಾಡಿಸಿದಂಗ ಅದ ಬಿಡ್ರಿ" ಎಂದು ನಕ್ಕಿದ್ದರು.

ಅಪ್ಪ ಮಗಳು ಸೇರಿ ಆ ಇಂಜಿನ್ನನ್ನು ಪಡಸಾಲೆಯಲ್ಲಿ ಎಳೆಎಳೆಯಾಗಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪುಣೆಯಿಂದ ಕೊಯಮತ್ತೂರಿನಿಂದ ಬಿಡಿಭಾಗ ತರಿಸಿ ಮತ್ತೆ ಕೂಡಿಸಿದರು. ಆಚಾರ್ಯರು ಬೆಳಿಗ್ಗೆ ಮಠದಲ್ಲಿ ಪಾರಾಯಣ ಮುಗಿಸಿ ಬಂದು ಗ್ರೀಸಿಗೆ ಕೈ ಹಾಕುವರು, ಸಂಜೆ ಇನ್ನೊಮ್ಮೆ ಸ್ನಾನ ಮಾಡಿ ದೇವರ ಮುಂದೆ ಕೂಡುವರು. ಜಗಳವೂ ಬೇಕಾದಷ್ಟು ಆಯಿತು. ಸಂಜೆ ಹೊತ್ತು ಯಂಕಣ್ಣ ಬಂದು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಅವನಿಗೆ ದೇವದುರ್ಗದಲ್ಲಿ ಒಂದು, ರಾಯಚೂರಿನಲ್ಲಿ ಒಂದು ಬೀಜ ಗೊಬ್ಬರದ ಅಂಗಡಿ. ಇಲ್ಲಿಯ ಮಾಲು ಇಡಲು ಆ ಶೆಡ್ಡಿನ ಮೇಲೆ ಅವನ ಕಣ್ಣು.

"ಆಚಾರ್ರ, ಹೆಣ್ಮಗಳು ಗ್ಯಾರೇಜ ಇಟ್ರ ಯಾರ ಬರ್ತಾರ್ರಿ?" ಎಂದು ಅವಳ ಎದುರಿಗೇ ಕೇಳಿದ್ದ. "ಬಂದ್ರೂ ಗಾಡಿ ತೋರ್ಸಾಕ ಬರಂಗಿಲ್ಲ, ಚಾಷ್ಟಿ ಮಾಡಾಕ ಬರ್ತಾರ. ನಾಕ ಮಂದಿ ನಕ್ಕ ಮ್ಯಾಲೆ ಬಂದ್ ಮಾಡೂದಕ್ಕಿಂತ ಈಗ್ಲೇ ಬಿಡೂದು ಚಲೋ ಅಲ್ಲೇನವಾ?"

ಕೆಟ್ಟವನೇನಲ್ಲ, ಮನಸ್ಸಿಗೆ ಬಂದದ್ದನ್ನು ಆಡಿಬಿಡುವ ಜಾತಿ. ಆಚಾರ್ಯರು ಆಗ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮರುದಿನ ಈ ಕರಾರು ಹಾಕಿದರು. ಹೊರಡುವ ಹಿಂದಿನ ಸಂಜೆ ಪೂರ್ಣಶ್ರೀ ಕಟ್ಟಕಡೆಯದಾಗಿ ಎಲ್ಲ ನೋಡಿ ಮುಚ್ಚಳ ಹಾಕಿದಾಗ ಅವರೇ ಹೇಳಿದರು: "ಇನ್ನ ಇದನ್ನ ನೀನೂ ತಗೀಬ್ಯಾಡ, ನಾನೂ ತಗಿಯೂದಿಲ್ಲ. ನಾಳೆ ಅಪ್ಪ ರಿಪೇರಿ ಮಾಡಿಕೊಟ್ಟ ಅಂತ ಯಾರೂ ಅನಬಾರದು."

ಹೊತ್ತೇರುವ ಮುಂಚೆ ಹೊರಡುವುದೆಂದು ಮಾತಾಗಿತ್ತು. ಆದರೆ ಅಂದು ಆಚಾರ್ಯರ ಪೂಜೆ ಯಾಕೋ ಉದ್ದವಾಯಿತು. ಅವರು ಬಂದು ಪಕ್ಕದ ಸೀಟಿನಲ್ಲಿ ಕೂರುವ ಹೊತ್ತಿಗೆ ರಾಯಚೂರಿನ ಮೇ ತಿಂಗಳ ಬಿಸಿಲು ರಸ್ತೆಯ ಡಾಂಬರಿನ ಮೇಲೆ ಕೂತಾಗಿತ್ತು. ಜಾನಕಿಬಾಯಿ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಮೊಸರನ್ನದ ಡಬ್ಬಿ ಕೊಟ್ಟು, "ಜಗಳಾಡದ ಹೋಗಿಬರ್ರಿ" ಎಂದರು. ಪೂರ್ಣಶ್ರೀ ಕೀಲಿ ತಿರುವಿದಳು. ಇಂಜಿನ್ನು ಒಂದೇ ಸಲಕ್ಕೆ ಹಿಡಿಯಿತು.

ಮಾನ್ವಿಯವರೆಗೆ ಎಲ್ಲವೂ ಅಂದುಕೊಂಡಂತೆ ನಡೆಯಿತು. ನೀರಮಾನ್ವಿಯ ಹತ್ತಿರ ಟಂಟಂ ಆಟೊದಲ್ಲಿ ಜೋತುಬಿದ್ದಿದ್ದ ಹುಡುಗರು ಶಿಳ್ಳೆ ಹಾಕಿದರು. ಮಾನ್ವಿಯ ಬಜಾರಿನಲ್ಲಿ ಆಚಾರ್ಯರ ಹಳೆಯ ವಿದ್ಯಾರ್ಥಿಯೊಬ್ಬ ಬೈಕನ್ನು ಕಾರಿಗೆ ಸಮ ಹೊಡೆಯುತ್ತಾ, "ಸರ್ರ, ಯಾವಾಗ ತಗೊಂಡ್ರಿ? ನಿಲ್ಲಸ್ರಿ, ಚಾ ಕುಡದು ಹೋಗೀರಂತ" ಎಂದು ಕೂಗಿದ. ಆಚಾರ್ಯರು ಕೈ ಬೀಸಿ ಬೇಡವೆಂದರು. ನಿಲ್ಲಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವರ ಒಂದು ಕೈ ಡ್ಯಾಶ್‌ಬೋರ್ಡಿನ ಮೇಲೆಯೇ ಇತ್ತು. ಬಾಯಿಯೂ ಸುಮ್ಮನಿರಲಿಲ್ಲ. "ಗೇರ್ ಇಳಸು. ಈಗ ಏರಸು. ಹಂಪ್ ಅದ, ನೋಡಿದೀ?"

"ನೋಡೀನಪ್ಪಾ. ನೀವು ಸುಮ್ಮ ಕೂಡ್ರಿ" ಎಂದಳು. ಮೈಯೆಲ್ಲ ಕಿವಿಯಾಗಿ ಅವಳು ಹಿಂದಿನ ಸದ್ದನ್ನು ಕೇಳುತ್ತಿದ್ದಳು. ಈ ಕಾರಿನಲ್ಲಿ ಶಾಖ ತೋರಿಸುವ ಮುಳ್ಳಿಲ್ಲ. ನೀರಿಲ್ಲದ ಮೇಲೆ ಕುದಿಯುವುದೇನು, ಹಬೆಯೇಳುವುದೇನು? ಎಣ್ಣೆ ಕಾದು ತೆಳ್ಳಗಾದರೆ ಎದುರಿಗೊಂದು ಕೆಂಪು ದೀಪ ಮಿಣುಕುತ್ತದೆ, ಅಷ್ಟೇ ಎಚ್ಚರಿಕೆ. ಉಳಿದದ್ದನ್ನು ಮೂಗು, ಕಿವಿ, ಕಾಲಿನಿಂದಲೇ ತಿಳಿದುಕೊಳ್ಳಬೇಕು.

ವಾಸನೆ ಬಂದದ್ದು ಸಿರವಾರ ದಾಟಿದ ಮೇಲೆ. ರಸ್ತೆ ಅಲ್ಲಿ ಕಿತ್ತುಹೋಗಿ, ಕಾರು ಮೈಯೆಲ್ಲ ಕುಲುಕಾಡಿಕೊಂಡು ಬಂದಿತ್ತು. ಮುಂದೆ ಭತ್ತದ ಚೀಲ ಹೇರಿದ ಲಾರಿಯೊಂದು ಹೊಗೆ ಕಕ್ಕುತ್ತಾ ಹೋಗುತ್ತಿತ್ತು. ಸುಟ್ಟ ಎಣ್ಣೆಯ ವಾಸನೆ ಅದರದೇ ಎಂದುಕೊಂಡಳು. ಅದು ಲಾರಿಯದೇ ಆಗಿರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡಳು ಎಂದರೆ ಸರಿ. ಸಂದಿ ಸಿಕ್ಕಕೂಡಲೇ ಲಾರಿಯನ್ನು ಹಿಂದೆ ಹಾಕಿದಳು. ಎದುರಿಗೆ ಖಾಲಿ ರಸ್ತೆ, ಎರಡೂ ಕಡೆ ಕೊಯ್ದ ಗದ್ದೆ. ವಾಸನೆ ಹೋಗಲಿಲ್ಲ.

"ಲಾರಿ ಹೊಗಿ ಇನ್ನೂ ಮೂಗಿನಾಗ ಅದ ನೋಡು" ಎಂದರು ಆಚಾರ್ಯರು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ.

ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಬೆನ್ನು ಸೀಟಿಗೆ ಅಂಟಿತ್ತು. ಸ್ವಲ್ಪ ಹೊತ್ತಿಗೆ ಅದೇ ವೇಗಕ್ಕೆ ಆಕ್ಸಿಲರೇಟರನ್ನು ಹೆಚ್ಚು ಒತ್ತಬೇಕಾಯಿತು. ಮೊದಲು ಪಾದದ ತುದಿಗೆ ಓಡುತ್ತಿದ್ದ ಗಾಡಿ ಈಗ ಇಡೀ ಕಾಲು ಕೇಳುತ್ತಿತ್ತು. ಏರು ರಸ್ತೆ ಇರಬೇಕು ಎಂದು ನೋಡಿದಳು. ರಸ್ತೆ ಸಪಾಟಾಗಿತ್ತು.

ಅಷ್ಟರಲ್ಲಿ ಯಂಕಣ್ಣನ ಫೋನು ಬಂತು. ಆಚಾರ್ಯರು ಅದನ್ನು ಕಿವಿಗೆ ಹಿಡಿದರೂ ಅವನ ದನಿ ಕಾರಿನ ತುಂಬ ಕೇಳುತ್ತಿತ್ತು. "ಎಲ್ಲಿದ್ದೀರಿ ಆಚಾರ್ರ? ಬರಾಕತ್ತೀರೋ, ದಬ್ಬಾಕತ್ತೀರೋ? ಇಲ್ಲಿ ಅರ್ಧ ಬಜಾರ ನಿಂತದ ನೋಡಾಕ!"

"ದಬ್ಬೂದೇನಲೇ, ಹಾರಿ ಬರ್ಲಿಕ್ಕತ್ತೇವಿ!" ಎಂದರು ಆಚಾರ್ಯರು. "ಸಿರವಾರ ಹಿಂದ ಬಿತ್ತು. ನಿನ್ನ ಗೊಬ್ಬರಕ್ಕ ಬ್ಯಾರೆ ಜಾಗಾ ಹುಡುಕ್ಕೊ ಮಗನ!"

ಪೂರ್ಣಶ್ರೀ ತಿರುಗಿ ನೋಡಿದಳು. ಅಪ್ಪನ ಮುಖದಲ್ಲಿ ಅಂಥ ಹಿಗ್ಗನ್ನು ಅವಳು ಕಂಡಿರಲಿಲ್ಲ. ಹಾಗಾದರೆ ಅಪ್ಪನಿಗೂ ತಾನು ಗೆಲ್ಲುವುದೇ ಬೇಕಾಗಿತ್ತೇ? ಕಣ್ಣು ತುಂಬಿ ಬಂತು. ಅದೇ ಹೊತ್ತಿಗೆ ಒಂದು ಹಳ್ಳಿಯ ಹಂಪ್ ಬಂತು. ಕಾಲು ತೆಗೆದಳು, ಇಂಜಿನ್ನಿನ ಸದ್ದು ಇಳಿಯಿತು. ಎದುರಿಗಿದ್ದ ಕೆಂಪು ದೀಪ ಮಿಣುಕ್ ಎಂದು ಹೊತ್ತಿ ಆರಿತು.

ಆಚಾರ್ಯರು ಫೋನಿನಲ್ಲಿ ನಗುತ್ತಿದ್ದರು, ನೋಡಲಿಲ್ಲ.

ಪೂರ್ಣಶ್ರೀ ನೋಡಿದ್ದಳು. ಆಕ್ಸಿಲರೇಟರ್ ಒತ್ತಿದಳು, ದೀಪ ಆರಿಯೇ ಇತ್ತು. ಬಿಸಿಲು ಬಿದ್ದು ಹಾಗೆ ಕಂಡಿರಬೇಕು. ಒಂದು ಸಲ ಮಿಣುಕಿದರೆ ಏನಾಯಿತು? ದೇವದುರ್ಗ ಇನ್ನೇನು ಬಂತು. ಇಷ್ಟು ದೂರ ಬಂದದ್ದು ಅಷ್ಟು ಹೋಗಲಾರದೇ? ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ, ಹಿಂದಿನಿಂದ ಕಾಳು ಹುರಿದಂಥ ಚಟಚಟ ಸದ್ದು ಸಣ್ಣಗೆ ಶುರುವಾದದ್ದು ಅವಳ ಕಿವಿಗೆ ಬಿತ್ತು. ಅದು ಏನೆಂದು ಅವಳಿಗೆ ಗೊತ್ತಿತ್ತು. ಕೆಂಡವಾದ ಸಿಲಿಂಡರಿನಲ್ಲಿ ಪೆಟ್ರೋಲು ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಹೀಗೇ ಓಡಿಸಿದರೆ ಎಲ್ಲ ಕರಗಿ ಅಂಟಿಕೊಳ್ಳುತ್ತದೆ. ಅಥವಾ ಅಂಟಿಕೊಳ್ಳುವ ಮುಂಚೆ ಯಂಕಣ್ಣನ ಅಂಗಡಿ ಬರುತ್ತದೆ. ಎರಡರಲ್ಲಿ ಯಾವುದು ಮೊದಲು ಎಂಬುದು ಯಾರಿಗೂ ಗೊತ್ತಿಲ್ಲ.

ನಿಲ್ಲಿಸಿದರೆ ಶೆಡ್ಡು ಹೋಯಿತು. ನಿಲ್ಲಿಸದಿದ್ದರೆ ಇಂಜಿನ್ನು ಹೋದೀತು. ದೂರದಲ್ಲಿ ಊರಿನ ನೀರಿನ ಟಾಕಿ ಬೆಳ್ಳಗೆ ಕಂಡಿತು. ಆಚಾರ್ಯರು ಫೋನಿಟ್ಟು, "ಅದೋ ಬಂತು!" ಎಂದು ಬೆರಳು ತೋರಿಸಿದರು.

ಪೂರ್ಣಶ್ರೀ ಕೀಲಿ ತಿರುವಿ ಇಂಜಿನ್ನು ಬಂದ್ ಮಾಡಿದಳು. ಕಾರು ಉರುಳುತ್ತಾ ಹೋಗಿ ರಸ್ತೆ ಬದಿಯ ಬೇವಿನ ಮರದ ನೆರಳಿನಲ್ಲಿ ನಿಂತಿತು.

"ಯಾಕ? ಯಾಕ ನಿಲ್ಲಿಸಿದಿ? ಊರು ಕಾಣ್ತದ ಅಲ್ಲೇ!"

"ಕಾದದಪ್ಪಾ."

"ಈ ಬಿಸಿಲಾಗ ಕಾಯದ ಏನು ಮಾಡ್ತದ? ನಡಿ ನಡಿ."

"ದೀಪ ಮಿಣುಕಿತು. ಒಳಗ ಸಿಡೀಲಿಕ್ಕತ್ತದ. ಇನ್ನ ಮುಂದ ಹೋದರ ಇಂಜಿನ್ ಉಳಿಯೂದಿಲ್ಲ."

ಆಚಾರ್ಯರು ಅವಳ ಮುಖ ನೋಡಿದರು. ಅವರ ಮುಖದ ಹಿಗ್ಗು ಆರಿಹೋಗಿತ್ತು. "ಮುಚ್ಚಳಾ ಎತ್ತಿದರ ಕರಾರು ಮುಗೀತು. ಗೊತ್ತದ ಅಲ್ಲ?"

"ಗೊತ್ತದ" ಎಂದು ಹೇಳಿ ಅವಳು ಬಾಗಿಲು ತೆಗೆದು ಇಳಿದಳು. ಆಚಾರ್ಯರು ಇಳಿಯಲಿಲ್ಲ. ಕೈ ಕಟ್ಟಿಕೊಂಡು ಎದುರಿನ ಗಾಜನ್ನೇ ನೋಡುತ್ತಾ ಕೂತರು.

ಮುಚ್ಚಳದ ಹಿಡಿಕೆ ಸುಡುತ್ತಿತ್ತು. ದುಪಟ್ಟಾ ಸುತ್ತಿ ತಿರುವಿ ಎತ್ತಿದಳು. ಬೆಂಕಿಯಂಥ ಝಳ ಮುಖಕ್ಕೆ ಹೊಡೆಯಿತು. ಬೆಲ್ಟು ಸರಿಯಾಗಿಯೇ ಇತ್ತು, ಒತ್ತಿದಳು, ಸಡಿಲವಿರಲಿಲ್ಲ. ಎಣ್ಣೆ ಎಲ್ಲಿಯೂ ಸೋರಿರಲಿಲ್ಲ. ತಗಡುಗಳೆಲ್ಲ ಅವು ಇರಬೇಕಾದಲ್ಲೇ ಇದ್ದವು. ಹಾಗಾದರೆ ಗಾಳಿ ಎಲ್ಲಿ ಹೋಯಿತು? ಫ್ಯಾನು ಗಾಳಿ ಎಳೆಯುವ ಬಾಯಿ ಗೂಡಿನ ಆಚೆ ಬದಿಗಿದೆ, ಕಣ್ಣಿಗೆ ಕಾಣುವುದಿಲ್ಲ. ಅಲ್ಲಿಗೆ ಕೈ ತೂರಿಸಿದಳು. ಮೊಣಕೈ ಬಿಸಿ ತಗಡಿಗೆ ತಗುಲಿ ಚುರ್ರೆಂದಿತು. ಬೆರಳಿಗೆ ಮೆತ್ತಗಿನದೇನೋ ಸಿಕ್ಕಿತು. ಬಟ್ಟೆ.

ಅದು ಬಾಯಿಯ ತುಂಬ ಹರಡಿ ಅಂಟಿಕೊಂಡಿತ್ತು. ಒಂದು ತುದಿ ಫ್ಯಾನಿನ ರೆಕ್ಕೆಗಳಿಗೆ ಸಿಕ್ಕಿ ಚಿಂದಿಯಾಗಿತ್ತು. ಹಲ್ಲು ಕಚ್ಚಿ ಜಗ್ಗಿದಳು. ಹರಿದು ಹರಿದು ಬಂತು. ಕಾವಿ ಬಣ್ಣ, ಅಂಚಿಗೆ ಜರಿ.

ಆ ಬಟ್ಟೆಯ ಗುರುತು ಅವಳಿಗೆ ತಕ್ಷಣ ಹತ್ತಿತು. ಹೋದ ವಾರ ಅಪ್ಪ ಮಂತ್ರಾಲಯಕ್ಕೆ ಹೋದಾಗ ಅವರಿಗೆ ಕೊಟ್ಟ ಶೇಷವಸ್ತ್ರ. ರಾಯರಿಗೆ ಏರಿಸಿದ ವಸ್ತ್ರ ತನ್ನ ಪಾಲಿಗೆ ಬಂತೆಂದು ಅದನ್ನು ತಲೆಯ ಮೇಲೆ ಇಟ್ಟುಕೊಂಡು ಬಂದು, ಸ್ನಾನವಿಲ್ಲದೆ ಯಾರೂ ಮುಟ್ಟಬಾರದೆಂದು ದೇವರ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಬೆಳಿಗ್ಗೆ ಪೂಜೆ ಯಾಕೆ ಉದ್ದವಾಯಿತೆಂದು ಅವಳಿಗೆ ಈಗ ತಿಳಿಯಿತು. ಮಡಿಯಲ್ಲಿ ಬಂದು, ಮುಚ್ಚಳ ಎತ್ತಿ, ಗ್ರೀಸಿನ ಕೈ ಸೋಕದ ಮೂಲೆ ಯಾವುದೆಂದು ಹುಡುಕಿ, ಮಡಿಚಿ ಇಟ್ಟಿದ್ದಾರೆ. ಮುಂಚೆ ಅದು ಮಡಿಕೆಯಲ್ಲೇ ಇತ್ತು. ಕೆಟ್ಟ ರಸ್ತೆಯಲ್ಲಿ ಕುಲುಕಿ ಮಡಿಕೆ ಬಿಚ್ಚಿತು, ಫ್ಯಾನು ಎಳೆದುಕೊಂಡಿತು.

ಮೊದಲು ಬಂದದ್ದು ಸಿಟ್ಟು. ಕೂಗಬೇಕೆನ್ನಿಸಿತು. ನನ್ನ ತಪ್ಪಲ್ಲ, ಶೆಡ್ಡು ನನ್ನದು, ಕರಾರು ಮುರಿದವರು ನೀವು ಎಂದು ಆ ಚಿಂದಿಯನ್ನು ಅಪ್ಪನ ಮುಖದ ಮುಂದೆ ಹಿಡಿಯಬೇಕೆನ್ನಿಸಿತು. ಹಿಂದಿನ ಸಣ್ಣ ಕಿಟಕಿಯಿಂದ ಅವರ ಬೆನ್ನು ಕಾಣುತ್ತಿತ್ತು. ಹಿಂದಲೆಯ ಬಿಳಿ ಶಿಖೆ ಬೆವರಿಗೆ ಅಂಟಿತ್ತು. ಜೀವಮಾನವಿಡೀ ಇನ್ನೊಬ್ಬರ ತಪ್ಪು ಹುಡುಕಿದ ಮನುಷ್ಯ. ತಾನು ತಲೆಯ ಮೇಲೆ ಹೊತ್ತು ತಂದ ವಸ್ತ್ರವೇ ತಾನು ಕೂಡಿಸಿದ ಇಂಜಿನ್ನಿನ ಉಸಿರು ಕಟ್ಟಿತೆಂದು ಗೊತ್ತಾದರೆ ನಾಳೆ ದೇವರ ಮುಂದೆ ಹೇಗೆ ಕೂಡುತ್ತಾರೆ? ಅಪ್ಪನ ಮೇಲೆ ಅವಳಿಗೆ ಎಷ್ಟು ಸಿಟ್ಟಿತ್ತೋ ಅದಕ್ಕಿಂತ ಹೆಚ್ಚು ಪ್ರೀತಿ ಇತ್ತು, ಅದೇ ಅವಳ ಕಷ್ಟ. ಚಿಂದಿಗಳನ್ನು ಮುದ್ದೆ ಮಾಡಿ ಸಾಮಾನಿನ ಚೀಲದ ತಳಕ್ಕೆ ತುರುಕಿದಳು.

"ಏನಾಗಿತ್ತು?" ಎಂದು ಆಚಾರ್ಯರು ಕೂತಲ್ಲಿಂದಲೇ ಕೇಳಿದರು.

"ಬೆಲ್ಟು ಸಡ್ಲ ಇತ್ತಪ್ಪಾ. ಫ್ಯಾನು ಬರೋಬರಿ ತಿರುಗಿಲ್ಲ. ನಾ ಬಿಗಿ ಮಾಡಿದ್ದು ಸಾಲಿಲ್ಲ. ನಂದೇ ತಪ್ಪು." ಶೆಡ್ಡು ಹೋಯಿತು, ತನ್ನ ಬಾಯಿಂದಲೇ ಹೋಯಿತು ಎಂದುಕೊಂಡಳು.

ಬಾಗಿಲು ಧಡಾರನೆ ತೆಗೆದ ಸದ್ದಾಯಿತು. ಆಚಾರ್ಯರು ಧೋತರದ ಚುಂಗು ಹಿಡಿದುಕೊಂಡು ಬಿರಬಿರನೆ ಹಿಂದಕ್ಕೆ ಬಂದರು. ಮುಖ ಕೆಂಪಾಗಿತ್ತು.

"ಸುಳ್ಳು! ಯಾಕ ಸುಳ್ಳು ಹೇಳ್ತೀ? ಬೆಲ್ಟು ಸಡ್ಲ ಇರ್ಲಿಲ್ಲ. ನಾ ಹೆಬ್ಬೆಟ್ಟಿಲೆ ಒತ್ತಿ ನೋಡೀನಿ, ಎಷ್ಟಿರಬೇಕೋ ಅಷ್ಟೇ ಇತ್ತು. ಒಂದೊಂದ ನಟ್ಟಿಗೂ ಪಾನಾ ಹಚ್ಚಿ ನೋಡೀನಿ. ಒಂದರ ತಿರುಗಬೇಕಲ್ಲ! ಇಷ್ಟು ಚೊಕ್ಕ ಕೆಲಸಾ ನನ್ನ ಕೈಲೇ ಆಗೂದಿಲ್ಲ. ಅಂಥಾದ್ದನ್ನ ಮಾಡಿ, ಸಡ್ಲ ಇತ್ತು ಅಂತೀಯಲ್ಲ, ನಾಚಿಕಿ ಬರೂದಿಲ್ಲೇನು?"

ಇಷ್ಟು ವರ್ಷ ಕಾದ ಮಾತು ಬೈಗುಳವಾಗಿ ಬಂತು. ಪೂರ್ಣಶ್ರೀ ಮೆಲ್ಲಗೆ ಕೇಳಿದಳು: "ಯಾವಾಗ ನೋಡಿದ್ರಿ?"

"ಮುಂಜಾನೆ" ಎಂದುಬಿಟ್ಟರು ಆಚಾರ್ಯರು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ಒಂದು ಬೈಕು ಅವರನ್ನು ನೋಡುತ್ತಾ ದಾಟಿ ಹೋಯಿತು. ಅವರ ಕಣ್ಣು ನಿಧಾನವಾಗಿ ಫ್ಯಾನಿನ ಗೂಡಿನ ಕಡೆಗೆ ಹೊರಳಿತು. ಕೈ ಚಾಚಿ ಅದರ ಹಿಂದೆ ಮುಟ್ಟಿ ನೋಡಿದರು. ಏನೂ ಇರಲಿಲ್ಲ.

"ಪೂರ್ಣಿ, ಇಲ್ಲಿ ಶೇಷವಸ್ತ್ರ ಇಟ್ಟಿದ್ದೆ."

ಅವಳು ಚೀಲದ ತಳದಿಂದ ತೆಗೆದು ಕೊಟ್ಟಳು. ಆಚಾರ್ಯರು ಎರಡೂ ಕೈಯಲ್ಲಿ ಇಸಿದುಕೊಂಡರು. ಎಣ್ಣೆ ಕುಡಿದು ಕಪ್ಪಾದ ಚಿಂದಿ. ರೂಢಿಯಂತೆ ಕಣ್ಣಿಗೆ ಒತ್ತಿಕೊಳ್ಳಲು ಎತ್ತಿದವರು ಅರ್ಧಕ್ಕೆ ನಿಂತರು. ಆಮೇಲೆ ಒತ್ತಿಕೊಂಡರು. ಹಣೆಗೆ ಕರಿ ಮೆತ್ತಿತು.

"ಎಲ್ಲಾ ಗಾಡಿಗೂ ಮುಂದ ಕಟ್ತಾರ" ಎಂದರು, ಯಾರಿಗೋ ಲೆಕ್ಕ ಒಪ್ಪಿಸುವವರ ಹಾಗೆ. "ಇದರಾಗ ಮುಂದ ಏನದ, ಖಾಲಿ ಡಬ್ಬಿ. ಜೀವ ಇರೂದು ಹಿಂದ. ಅಲ್ಲಿ ಇಟ್ಟರ ನಿನ್ನ ಇಂಜಿನ್ನ ರಾಯರು ಕಾಯ್ತಾರ ಅಂತ..." ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂತರು. "ಗಾಳೀನೇ ಇದರ ನೀರು ಅಂತ ಕಲಿಸಿದಾಂವ ನಾನು. ಗಾಳಿ ಬಾಯಿಗೇ ಅರಿವಿ ತುರುಕಿದೆ. ನೀ ಗೆಲ್ಲಬೇಕು ಅಂತ ಇಟ್ಟೆ, ಪೂರ್ಣಿ. ನಿನ್ನ ಮ್ಯಾಲೆ ನಂಬಿಗಿ ಇಲ್ಲಂತಲ್ಲ."

"ಗೊತ್ತದಪ್ಪಾ."

"ನಿನಗ ಗೊತ್ತಿಲ್ಲ. ನಾ ಎಂದರ ಹೇಳೀನೇನು, ಗೊತ್ತಾಗ್ಲಿಕ್ಕೆ?"

ಅವಳು ಕಾರಿನಿಂದ ಮೊಸರನ್ನದ ಡಬ್ಬಿ ತೆಗೆದಳು. ಹೋಗಿ ಅವರ ಪಕ್ಕದಲ್ಲಿ ಕೂತಳು. ಇಬ್ಬರೂ ಒಂದೇ ಡಬ್ಬಿಯಿಂದ ಮೊಸರನ್ನ ತಿಂದರು. ಆಚಾರ್ಯರು ರಸ್ತೆಯಲ್ಲಿ ಕೂತು ಹೀಗೆ ತಿಂದದ್ದು ಜಾನಕಿಬಾಯಿಗೆ ಗೊತ್ತಾದರೆ ಮನೆಯಲ್ಲಿ ಇನ್ನೊಂದು ರಾಮಾಯಣ.

ನೆರಳು ಹೊರಳುವ ಹೊತ್ತಿಗೆ ಇಂಜಿನ್ನು ಮುಟ್ಟುವಷ್ಟು ತಣ್ಣಗಾಗಿತ್ತು. ಪೂರ್ಣಶ್ರೀ ಬೆಲ್ಟು ಸುತ್ತಿದ ಗಾಲಿಯ ನಟ್ಟಿಗೆ ಪಾನಾ ಹಚ್ಚಿ ಇಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿದಳು. ತಿರುಗಿತು. ಅಂಟಿಕೊಂಡಿರಲಿಲ್ಲ, ಬದುಕಿತ್ತು. ಒಂದೊಂದು ಸಿಲಿಂಡರೂ ಸರದಿಯಂತೆ ಎದುರು ಒತ್ತುವುದು ಅಂಗೈಗೆ ತಿಳಿಯುತ್ತಿತ್ತು. ಒಂದು, ಎರಡು, ಗಟ್ಟಿಯಾಗಿ ಒತ್ತಿದವು. ಮೂರನೆಯದು ಮೆತ್ತಗಿತ್ತು. ಇನ್ನೊಮ್ಮೆ ತಿರುಗಿಸಿದಳು. ಮೂರನೆಯದು ಮತ್ತೆ ಮೆತ್ತಗೇ ಇತ್ತು.

ಆಚಾರ್ಯರು ಎದ್ದು ಬಂದರು. ಅವರಿಗೆ ಈಗ ಹೊಸ ಹುರುಪು ಹತ್ತಿತ್ತು. "ತಿರುಗ್ತದ ಅಲ್ಲ? ಮತ್ತೇನು, ನಡಿ. ತಂಪಾಗೇದ, ಮೆಲ್ಲಕ ಹೋದರ ಮುಟ್ಟತೇವಿ. ಮುಚ್ಚಳಾ ಎತ್ತಿದ್ದು ನಾ ಲೆಕ್ಕಕ್ಕ ಹಿಡಿಯೂದಿಲ್ಲ. ಯಂಕಣ್ಣಗ ಏನು ಗೊತ್ತಾಗ್ತದ? ಅವನ ಅಂಗಡಿ ಮುಂದ ನಿಲ್ಲಸು, ಶೆಡ್ಡು ನಿಂದು."

ಅರ್ಧ ಬಜಾರು ನೋಡುತ್ತಾ ನಿಂತಿದೆ. ಊರಿನ ಟಾಕಿ ಕಾಣುತ್ತಿದೆ. ಅವಳಿಗೆ ಆಸೆ ಆಗಲಿಲ್ಲವೆಂದರೆ ಅದು ಹಸಿ ಸುಳ್ಳು.

"ಇಲ್ಲಪ್ಪಾ. ಮೂರನೇ ಸಿಲಿಂಡರ್ ಸೋತದ, ಒಳಗ ಸುಟ್ಟಂಗದ. ಬಿಚ್ಚಿ ನೋಡದ ನಾ ಇದನ್ನ ಚಾಲೂ ಮಾಡೂದಿಲ್ಲ."

"ಹುಚ್ಚಿ, ಗೆಲ್ಲೂದನ್ನ ಬಿಡ್ತೀಯೇನು? ಸರಕೊ, ನೋಡೋಣ" ಎಂದು ಆಚಾರ್ಯರು ಪಾನಾಕ್ಕೆ ಕೈ ಚಾಚಿದರು.

ಪೂರ್ಣಶ್ರೀ ಪಾನಾ ಕೊಡಲಿಲ್ಲ. "ನಾ ನೋಡೀನಿ" ಎಂದಳು. ದನಿ ಏರಿಸಲಿಲ್ಲ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಚಾರ್ಯರು ಅದನ್ನು ಹಿಂದಕ್ಕೆ ತೆಗೆದುಕೊಂಡು ಧೋತರಕ್ಕೆ ಒರೆಸಿಕೊಂಡರು.

ಫೋನು ಮತ್ತೆ ಬಡಿದುಕೊಂಡಿತು. ಯಂಕಣ್ಣ. ಪೂರ್ಣಶ್ರೀ ಅಪ್ಪನ ಮುಖ ನೋಡಿದಳು. ಈಗ ಅಪ್ಪ ಏನು ಹೇಳುತ್ತಾರೆ? ಆಚಾರ್ಯರು ಸಿಗ್ನಲ್ ಸಿಗದೆ ರಸ್ತೆಯ ನಡುವಿಗೆ ಹೋಗಿ, ಒಂದು ಕೈಯಲ್ಲಿ ಆ ಚಿಂದಿ ಹಿಡಿದುಕೊಂಡು, ಗದ್ದೆಯ ಆಚೆಗೂ ಕೇಳುವಂತೆ ಕೂಗತೊಡಗಿದರು.

"ಯಂಕ್ಯಾ, ಕೇಳಸ್ತದೇನು? ಕಾರು ನಿಂತದ! ಹಾಂ, ನಿಂತದ! ಅಕಿ ತಪ್ಪಲ್ಲೋ. ನಾನೇ ನಿಲ್ಲಿಸಿದೆ! ನಾನೇ ಇಂಜಿನ್ನಿನಾಗ ಅರಿವಿ ತುರುಕಿದ್ದೆ! ಹೂಂ, ಅರಿವಿ! ನಗು, ನಗು, ಎಷ್ಟರ ನಗು! ಅರ್ಧ ಬಜಾರ ನಿಂತದ ಅಂದಿ ಅಲ್ಲ, ಅವರಿಗೂ ಹೇಳು. ಆಚಾರಿ ಮೂರ್ಖತನಾ ಮಾಡಿದ, ಮಗಳು ಹೊತ್ತಿಗೆ ಸರಿಯಾಗಿ ನಿಲ್ಲಿಸಿ ಇಂಜಿನ್ ಉಳಿಸಿದಳು ಅಂತ ಹೇಳು!"

ಗದ್ದೆಯ ಬದುವಿನಲ್ಲಿ ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ನಿಂತು ಕೇಳಿಸಿಕೊಂಡಳು. ಯಂಕಣ್ಣನ ನಗೆ ಫೋನಿನಿಂದ ಹೊರಗೆ ಚೆಲ್ಲುತ್ತಿತ್ತು. ನಕ್ಕು ಸಾಕಾದ ಮೇಲೆ ಅವನು ಏನೋ ಕೇಳಿದ. ಆಚಾರ್ಯರ ದನಿ ಇಳಿಯಿತು.

"ಶೆಡ್ಡಿನ ಮಾತು ನನ್ನ ಕೇಳಬ್ಯಾಡ. ಅಕಿ ಇಲ್ಲೇ ಅದಾಳ, ಅಕಿನ್ನ ಕೇಳು" ಎಂದು ಫೋನನ್ನು ಮಗಳ ಕೈಗೆ ಕೊಟ್ಟರು. ಕೊಟ್ಟು, ಬೇವಿನ ಮರದ ಕಡೆಗೆ ತಿರುಗಿ ನಿಂತರು.

ಗ್ರೀಸಿನ ಕೈಯಲ್ಲೇ ಪೂರ್ಣಶ್ರೀ ಫೋನು ಹಿಡಿದಳು. "ಕಾಕಾ, ಒಂದು ಟ್ರ್ಯಾಕ್ಟರ್ ಕಳಸ್ರಿ. ಹಗ್ಗ ಗಟ್ಟಿ ಇರ್ಲಿ, ರಾಯಚೂರತನಕ ಎಳೀಬೇಕು."

"ಕಳಸ್ತೀನವಾ, ಅದಕ್ಕೇನು. ಕರಾರ ಅಂದ್ರ ಕರಾರ, ಶೆಡ್ಡಿಗೆ ನನ್ನ ಚೀಲ ಯಾವಾಗ ಇಳಸ್ಲಿ?"

"ಶೆಡ್ಡು ಖಾಲಿ ಇಲ್ರಿ ಕಾಕಾ" ಎಂದಳು ಪೂರ್ಣಶ್ರೀ. "ರಿಪೇರಿಗೆ ಒಂದು ಗಾಡಿ ಬರ್ಲಿಕ್ಕತ್ತದ."